ಜ್ವರಕ್ಕೆ ಕೂತವಳು

ಅವತ್ತು ಬೆಳಗ್ಗೆ ನಂದಿಬೆಟ್ಟ ಕಾಣುತ್ತಿರಲಿಲ್ಲ. ಹಿಂದಿನ ದಿನ ಹಿಡಿದಿದ್ದ ಶ್ರಾವಣದ ಸೋನೆ ಮುಂಜಾವಿಗೆ ತೆಳುವಾಗಿ, ಹನಿಯೋ ಮಂಜೋ ಎಂದು ಹೇಳಲಾಗದಂತೆ ಗಾಳಿಯಲ್ಲಿ ತೇಲುತ್ತಿತ್ತು. ಹಿಪ್ಪುನೇರಳೆ ಸೊಪ್ಪೆಲ್ಲ ಒದ್ದೆ. ಒದ್ದೆ ಸೊಪ್ಪು ರೇಷ್ಮೆ ಹುಳಕ್ಕೆ ಆಗದು, ಆದ್ದರಿಂದ ತೋಟಕ್ಕೆ ಯಾರೂ ಇಳಿದಿರಲಿಲ್ಲ. ಜಂಗಮಕೋಟೆ ಕಡೆಯ ಹಾಲಿನ ವ್ಯಾನು ದೀಪ ಹಾಕಿಕೊಂಡೇ ಬಂದು ಹೋಯಿತು. ಎಂಟೂವರೆ ಹೊತ್ತಿಗೆ ಮೋಡ ಒಂದು ಕಡೆ ಹರಿದು, ಹಳದಿ ಬಿಸಿಲು ಊರ ಮೇಲೆ ಬಿತ್ತು.

"ಗಂಗಮ್ಮ ಕಣ್ಣು ಬಿಟ್ಲು, ಹೊರಡ್ರಮ್ಮ" ಎಂದು ಚಿಕ್ಕವೆಂಕಟಮ್ಮ ಆಕಾಶಕ್ಕೆ ಕೈ ಮುಗಿದಳು.

ಆ ಬಿಸಿಲು ಬೀಳದೆ ಇದ್ದಿದ್ದರೆ ನೆರಳೂ ಬೀಳುತ್ತಿರಲಿಲ್ಲ. ಆದರೆ ಬಿಸಿಲನ್ನು ಬೇಡ ಎನ್ನುವವರು ಯಾರು? ಅಂದು ಅವಳ ಸೊಸೆ ಯಾಮಿನಿಯ ಗಂಗೆ ಪೂಜೆ. ಹೆತ್ತು ನಲವತ್ತೆಂಟು ದಿನ ಕಳೆದ ಬಾಣಂತಿ ಮೊದಲ ಸಲ ಹೊಸಿಲು ದಾಟಿ, ನೀರಿಗೆ ಅರಿಶಿನ ಕುಂಕುಮ ಕೊಟ್ಟು, ಒಂದು ಬಿಂದಿಗೆ ನೀರು ತುಂಬಿಕೊಂಡು ಮನೆಗೆ ಬರಬೇಕು. ಅಲ್ಲಿಗೆ ಬಾಣಂತನ ಮುಗಿದಂತೆ. ಆ ಬಿಂದಿಗೆ ಒಳಗೆ ಬಂದ ಮೇಲೆ ಮಗು ಪೂರ್ತಿ ತಾಯಿಯದು, ಅಲ್ಲಿಯ ತನಕ ಅರ್ಧ ಗಂಗಮ್ಮನದು ಎಂದು ಆ ಮನೆಯಲ್ಲಿ ಹೇಳುತ್ತಿದ್ದರು.

ಯಾಮಿನಿ ಗೌರಿಬಿದನೂರಿನ ಹುಡುಗಿ. ಮದುವೆಯಾದ ಮೇಲೂ ಗಂಡ ನರೇಂದ್ರನ ಕೆಲಸ ಅಲ್ಲೇ ಇದ್ದುದರಿಂದ ಅಲ್ಲೇ ಸಂಸಾರ ಹೂಡಿದ್ದಳು. ಅವಳಿಗೆ ತಾಯಿಯಿಲ್ಲ, ಆದ್ದರಿಂದ ಬಾಣಂತನಕ್ಕೆ ಅತ್ತೆಯ ಮನೆಗೆ ಬಂದಿದ್ದಳು. ಈ ಊರು, ಈ ರೇಷ್ಮೆ ಹುಳದ ಮನೆ, ಸುಣ್ಣದ ವಾಸನೆ ಎಲ್ಲವೂ ಅವಳಿಗೆ ಹೊಸದು.

ಸೋಮೇಶ್ವರನ ಗುಡಿಯ ಹಿಂದಿನ ಕಲ್ಯಾಣಿಯಲ್ಲಿ ನೀರು ಏರಿ, ಮೇಲಿನ ಐದಾರು ಮೆಟ್ಟಿಲು ಮಾತ್ರ ಕಾಣುತ್ತಿದ್ದವು. ಚಿಕ್ಕವೆಂಕಟಮ್ಮ ಮೆಟ್ಟಿಲಿನ ಮೇಲೆ ಐದು ಕಲ್ಲಿಟ್ಟು ಅರಿಶಿನ ಹಚ್ಚಿದಳು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಶ್ವತ್ಥಮ್ಮ, ನಾಲಿಗೆಗೆ ಒಂದು ದಿನವೂ ರಜೆ ಕೊಡದ ಹೆಂಗಸು, ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಯಾಮಿನಿ ವೀಳ್ಯದೆಲೆ ಬಿಟ್ಟಳು. ಮೂರು ಸಲ ಬೊಗಸೆ ನೀರು ಎತ್ತಿ ಚೆಲ್ಲಿದಳು.

"ಕೂಸಿಗೂ ಗಂಗಮ್ಮನ್ನ ತೋರ್ಸಮ್ಮ" ಎಂದು ಅಶ್ವತ್ಥಮ್ಮ ಮಗುವನ್ನು ಅವಳ ಕೈಗಿಟ್ಟಳು.

ಯಾಮಿನಿ ಬಾಗಿದಳು. ನೀರೊಳಗಿನ ಮೆಟ್ಟಿಲಿನ ಪಾಚಿಯ ಮೇಲೆ ಬೆರಳುದ್ದದ ಬೂದು ಬಣ್ಣದ ಮೀನೊಂದು ನಿಂತಿತ್ತು. ಅದರ ಮೂತಿಯ ಸುತ್ತ ಜೀರಿಗೆ ಚೆಲ್ಲಿದಂತೆ ಮರಿಗಳು, ನೂರೋ ಇನ್ನೂರೋ, ಗುಂಪಾಗಿ ನಡುಗುತ್ತಿದ್ದವು. ಚೆನ್ನಾಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳ ನೆರಳು ನೀರಿನ ಮೇಲೆ ಬಿತ್ತು. ಮೀನು ಬಾಯಿ ತೆರೆಯಿತು. ಮರಿಗಳೆಲ್ಲ ಒಂದೇ ಉಸಿರಿಗೆ ಆ ಬಾಯೊಳಗೆ ಹೋದವು. ಬಾಯಿ ಮುಚ್ಚಿತು. ಮೆಟ್ಟಿಲಿನ ಮೇಲೆ ಒಂದು ಮರಿಯೂ ಉಳಿಯಲಿಲ್ಲ.

"ಅಯ್ಯಯ್ಯೋ, ನೋಡ್ರೇ! ಹೆತ್ತೋಳೇ ತಿಂದ್ಕೊಂಬಿಟ್ಳು! ಏನು ಕಾಲ ಬಂತಪ್ಪ, ಹೆತ್ತ ತಾಯೇ ಮರಿ ನುಂಗೋ ಕಾಲ!" ಎಂದಳು ಅಶ್ವತ್ಥಮ್ಮ.

ಯಾಮಿನಿ ಕೂಗಿದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಮೇಲಕ್ಕೆ ಎರಡು ಮೆಟ್ಟಿಲು ಹಿಂದೆ ಸರಿದು, ಮಗುವನ್ನು ಅತ್ತೆಯ ಎದೆಗೆ ಒತ್ತಿ, "ತಗೊಳ್ಳಿ, ತಗೊಳ್ಳಿ ಅತ್ತೆ, ನನ್ನ ಕೈಗೆ ಕೊಡಬೇಡಿ" ಎಂದಳು. ಅವಳ ಕಾಲು ತಾಗಿ ಹಿತ್ತಾಳೆ ಬಿಂದಿಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಸದ್ದು ಮಾಡುತ್ತಾ ಉರುಳಿ, ಗುಳು ಗುಳು ಎನ್ನುತ್ತಾ ನೀರಿನ ತಳಕ್ಕೆ ಹೋಯಿತು.

ಪೂಜೆ ಅಲ್ಲಿಗೇ ನಿಂತಿತು. ನೀರು ಮನೆಗೆ ಬರಲಿಲ್ಲ.

ಯಾಮಿನಿಯ ಭಯ ಆ ದಿನದ್ದಲ್ಲ. ಇಪ್ಪತ್ತನೇ ದಿನವೋ ಏನೋ, ಬಚ್ಚಲಲ್ಲಿ ಅತ್ತೆ ಕಾಲು ಚಾಚಿ ಮಗುವಿಗೆ ನೀರು ಹಾಕುತ್ತಿದ್ದಾಗ, ಪಕ್ಕದಲ್ಲಿ ಟವಲು ಹಿಡಿದು ನಿಂತವಳಿಗೆ ಒಂದು ಯೋಚನೆ ಬಂದಿತ್ತು: ನನ್ನ ಕೈ ಜಾರಿದರೆ? ಎಲ್ಲ ತಾಯಂದಿರಿಗೂ ಬರುವ ಯೋಚನೆಯೇ. ಆದರೆ ಮಾರನೆಯ ದಿನ ಅದು ಬೇರೆ ರೂಪದಲ್ಲಿ ಬಂತು: ನಾನೇ ಜಾರಿಸಿದರೆ? ಜಾರಿದರೆ, ಜಾರಿಸಿದರೆ. ಎರಡರ ನಡುವೆ ಇರುವುದು ಒಂದೇ ಅಕ್ಷರ. ಆ ಅಕ್ಷರ ಅವಳ ನಿದ್ದೆ ತಿಂದಿತು, ಅನ್ನ ತಿಂದಿತು. ಈಳಿಗೆ ಮಣೆ ಕಂಡರೆ ಅವಳು ಮಗುವನ್ನು ಇನ್ನೊಂದು ಕೋಣೆಗೆ ಕೊಂಡೊಯ್ಯುತ್ತಿದ್ದಳು. ನೀರಿನ ತೊಟ್ಟಿಯ ಪಕ್ಕ ಹಾದುಹೋಗುವಾಗ ಎದೆಗೆ ಅವಚಿಕೊಂಡು ಗೋಡೆಗೆ ಅಂಟಿಕೊಂಡೇ ನಡೆಯುತ್ತಿದ್ದಳು. ಯಾರಿಗಾದರೂ ಹೇಳುವುದೆಂದರೆ ಏನೆಂದು ಹೇಳುವುದು? ನನ್ನ ಮಗುವನ್ನು ನನ್ನಿಂದ ಕಾಪಾಡಿ ಎಂದೇ? ದೇವರ ಪಟದ ಮುಂದೆ ನಿಂತಾಗಲೂ ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ದೇವರ ನೀರಲ್ಲೇ ಮೀನೊಂದು ಅದನ್ನು ಎಲ್ಲರ ಎದುರಿಗೆ ಮಾಡಿ ತೋರಿಸಿತ್ತು.

ಅಂದು ಸಂಜೆ ಅವಳು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಜಗುಲಿಯ ಮಾತು ಕಿಟಕಿಯಿಂದ ಬರುತ್ತಿತ್ತು.

"ಗಾಳಿ ಸೋಕೈತೆ ಕಣೇ ವೆಂಕಟಮ್ಮ. ಮುಖ ನೋಡಿದ್ಯಾ? ನೀವಾಳಿಸಿ ಬಿಸಾಕು" ಎಂದಳು ಅಶ್ವತ್ಥಮ್ಮ.

"ಗಾಳಿನೂ ಇಲ್ಲ, ಮಣ್ಣೂ ಇಲ್ಲ. ಅವಳು ಜ್ವರಕ್ಕೆ ಕೂತವಳೆ. ಊಟ ಬಿಟ್ಟವಳೆ, ಮಾತು ಬಿಟ್ಟವಳೆ, ತಲೆ ಎತ್ಕೊಂಡು ಎತ್ಲಾಗೋ ನೋಡ್ತಾಳೆ. ಇದು ನಂಗೆ ಗೊತ್ತಿಲ್ದೇ ಇರೋದಾ? ಇಂಥಾ ಟೈಮಲ್ಲಿ ಮುಟ್ಟಬಾರ್ದು. ಅವಳ ಪಾಡಿಗೆ ಅವಳ್ನ ಬಿಟ್ಟು, ಕೂಸನ್ನ ನನ್ನ ಹತ್ರ ಇಟ್ಕೋತೀನಿ."

"ಎಷ್ಟು ದಿನಕ್ಕೆ?"

"ಜ್ವರದಿಂದ ಎದ್ದೇಳೋ ತನಕ."

ರೇಷ್ಮೆ ಸಾಕುವವರ ಮನೆಯಲ್ಲಿ ಹುಟ್ಟಿದ ಯಾರಿಗೇ ಆದರೂ ಈ ಮಾತು ಸಮಾಧಾನ ಕೊಡುತ್ತಿತ್ತು. ಹುಳ ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಹೊಸ ಚರ್ಮದಲ್ಲಿ ಏಳುತ್ತದೆ. ಅದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಅದು ರೋಗವಲ್ಲ, ಬೆಳವಣಿಗೆ.

ಆದರೆ ಯಾಮಿನಿಗೆ ಗೊತ್ತಿದ್ದದ್ದು ಒಂದೇ ಜ್ವರ, ಮೈ ಸುಡುವ ಜ್ವರ, ಒಬ್ಬರಿಂದ ಒಬ್ಬರಿಗೆ ಅಂಟುವ ಜ್ವರ. ಮೈ ಮುಟ್ಟಿ ನೋಡಿಕೊಂಡಳು, ತಣ್ಣಗಿತ್ತು. ಹಾಗಾದರೆ ಇದು ಮೈಯ ಜ್ವರವಲ್ಲ, ಅತ್ತೆಗೆ ಎಲ್ಲ ಗೊತ್ತಾಗಿದೆ ಎಂದುಕೊಂಡಳು. ಹೋದ ತಿಂಗಳು ಹುಳದ ಹಿಂದಿನ ಬೆಳೆಯಲ್ಲಿ ಹಾಲುತೊಂಡೆ ರೋಗ ಬಿದ್ದಾಗ, ಅತ್ತೆ ಹುಳದ ಮನೆಯ ಬಾಗಿಲಲ್ಲಿ ಕೂತು, ಊದಿಕೊಂಡ ಹುಳಗಳನ್ನು ಕಡ್ಡಿಯಲ್ಲಿ ಒಂದೊಂದಾಗಿ ಎತ್ತಿ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಹಾಕಿದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. "ಒಂದು ಬಿಟ್ರೆ ಎಲ್ಲಕ್ಕೂ ಅಂಟ್ತದೆ ಕಣಮ್ಮ" ಎಂದು ಅತ್ತೆ ಶಾಂತವಾಗಿ ಹೇಳಿದ್ದಳು. ಆ ಶಾಂತವಾದ ದನಿಯೇ ಈಗ ಕಿವಿಯಲ್ಲಿ ಮತ್ತೆ ಮತ್ತೆ ಕೇಳುತ್ತಿತ್ತು.

ಅಂದಿನಿಂದ ಮಗು ಅತ್ತೆಯ ಪಕ್ಕದ ತೊಟ್ಟಿಲಿಗೆ ಹೋಯಿತು. ಹಾಲಿನ ಹೊತ್ತಿಗೆ ಚಿಕ್ಕವೆಂಕಟಮ್ಮ ತಾನೇ ತಂದು ಸೊಸೆಯ ತೊಡೆಯ ಮೇಲೆ ಮಲಗಿಸಿ, ತಲೆಗೆ ತನ್ನ ಕೈ ಆಸರೆ ಕೊಟ್ಟು, ಹೊಟ್ಟೆ ತುಂಬಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಜ್ವರಕ್ಕೆ ಕೂತ ಹುಳದ ಹತ್ತಿರ ಸದ್ದು ಮಾಡಬಾರದು ಎಂದು ಅವಳು ಕಲಿತಿದ್ದಳು. ಅದು ಅವಳ ಪ್ರೀತಿ. ಯಾಮಿನಿಗೆ ಅದು ಕಾವಲಿನಂತೆ ಕಂಡಿತು. ತನ್ನ ತೊಡೆಯ ಮೇಲೆ ಇರುವಾಗಲೂ ಮಗುವಿನ ತಲೆಯ ಕೆಳಗೆ ಇನ್ನೊಬ್ಬರ ಕೈ. ಇವರು ಮಾಡುತ್ತಿರುವುದು ಸರಿಯೇ, ನನ್ನ ಕೈಗೆ ಬಿಡಬಾರದು ಎಂದುಕೊಳ್ಳುತ್ತಿದ್ದಳು. ಮಗು ಕೋಣೆ ದಾಟಿದ ಕೂಡಲೇ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

ಭಾನುವಾರ ನರೇಂದ್ರ ಫೋನು ಮಾಡಿದ.

"ಅಮ್ಮ ಹೇಳ್ತು. ಏನೂ ಯೋಚನೆ ಮಾಡಬೇಡ ಕಣೇ. ಅಮ್ಮ ಹೇಳ್ದಂಗೆ ಇರು, ಅಮ್ಮಂಗೆ ಎಲ್ಲ ಗೊತ್ತು."

"ಜ್ವರ ಬಂದಿದ್ನ ಏನ್ ಮಾಡ್ತಾರೆ ನಿಮ್ಮನೇಲಿ?"

"ಯಾವ ಜ್ವರ? ಹುಳದ್ದಾ? ಇವತ್ತು ನಾಳೆ ಕೂರ್ತವೆ ಅಂತಿತ್ತು. ಸುಣ್ಣ ಹಾಕ್ತಾರೆ ಅಷ್ಟೆ. ಯಾಕೆ?"

ಅವಳು ಫೋನು ಇಟ್ಟುಬಿಟ್ಟಳು. ಸತ್ತದ್ದರ ಮೇಲೆ ಸುಣ್ಣ ಹಾಕಿ ಹೂಳುವುದನ್ನು ಅವಳು ಕೇಳಿದ್ದಳು.

ಸೋಮವಾರ ಹುಳಗಳೆಲ್ಲ ನಾಲ್ಕನೇ ಜ್ವರಕ್ಕೆ ಕೂತವು. ಸೊಪ್ಪು ಕೊಯ್ಯುವ, ಹಾಕುವ ಕೆಲಸವಿಲ್ಲ. ಚಿಕ್ಕವೆಂಕಟಮ್ಮ ಮಗುವನ್ನು ಅಶ್ವತ್ಥಮ್ಮನ ಮಡಿಲಿಗೆ ಹಾಕಿ, "ಬಿಂದಿಗೆ ನೀರಲ್ಲೇ ಬಿದ್ದೈತೆ, ಗಂಗಮ್ಮನ ಹತ್ರ ಎಷ್ಟು ದಿನ ಬಿಡೋದು" ಎಂದು ಕಲ್ಯಾಣಿಗೆ ಹೋದಳು. ಬಿಂದಿಗೆ ಒಂದು ನೆಪ. ಮೂರು ದಿನದಿಂದ ಅವಳ ಕಣ್ಣಿಗೂ ಆ ಮೀನೇ ಕಟ್ಟಿತ್ತು. ಗಂಗಮ್ಮನ ನೀರಲ್ಲಿ ಅಂಥದ್ದು ಯಾಕೆ ನಡೆಯಿತು? ಪೂಜೆಯಲ್ಲಿ ತಾನೇನು ತಪ್ಪಿದೆ? ಅವಳೂ ಹೆದರಿದ್ದಳು, ಸೊಸೆಯ ಮುಂದೆ ತೋರಿಸಿರಲಿಲ್ಲ ಅಷ್ಟೆ.

ಸೆರಗಿನಲ್ಲಿ ಕಟ್ಟಿ ತಂದಿದ್ದ ಪುರಿಯನ್ನು ನೀರಿಗೆ ಎಸೆದಳು. ಮೀನುಗಳೆಲ್ಲ ನುಗ್ಗಿದವು. ಒಂದು ಮಾತ್ರ ಬರಲಿಲ್ಲ. ಅದೇ ಬೂದು ಮೀನು. ಗದ್ದ ಊದಿಕೊಂಡಿತ್ತು. ಪುರಿ ಮೂಗಿನ ಮೇಲೇ ಬಂದು ಬಿದ್ದರೂ ಬಾಯಿ ತೆರೆಯಲಿಲ್ಲ. ನಿಂತಲ್ಲೇ ನಿಂತು, ಏನನ್ನೋ ಜಪ ಮಾಡುವಂತೆ ಗದ್ದ ಮಾತ್ರ ಅಲ್ಲಾಡಿಸುತ್ತಿತ್ತು.

"ಇದೂ ಜ್ವರಕ್ಕೆ ಕೂತೈತೆ" ಎಂದುಕೊಂಡಳು.

"ಏನಕ್ಕಯ್ಯ, ದೇವರ ಮೀನಿಗೆ ದಿಟ್ಟಿ ಹಾಕ್ತಿದೀಯ?" ಎಂದು ಮೇಲಿನಿಂದ ದನಿ ಬಂತು. ಊರ ಕೆರೆಯಲ್ಲಿ ಮೀನು ಹಿಡಿಯುವ ಆವಲಪ್ಪ. ಗುಡಿಗೆ ಬಂದವನು ಕಾಲು ತೊಳೆಯಲು ಇಳಿಯುತ್ತಿದ್ದ.

"ಬಾಪ್ಪ ಆವಲಪ್ಪ. ಇದೇನು ಮೀನು ಹೇಳು. ಮೊನ್ನೆ ನಮ್ಮ ಕಣ್ಣೆದುರಿಗೇ ಮರೀನೆಲ್ಲ ತಿಂದ್ಕೊಂಬಿಡ್ತು."

ಆವಲಪ್ಪ ಬಗ್ಗಿ ನೋಡಿ ನಕ್ಕ. "ಇದಾ? ಜಿಲೇಬಿ. ಹೆಸರು ಜಿಲೇಬಿ, ತಿಂದ್ರೆ ಮುಳ್ಳು. ಇದು ತಿಂದಿಲ್ಲಕ್ಕ. ಬಾಯೊಳಗೆ ಇಟ್ಕೊಂಡವಳೆ."

"ಬಾಯೊಳಗಾ?"

"ಹೂಂ. ಗಂಡು ಮಣ್ಣಲ್ಲಿ ತಟ್ಟೆ ಥರ ಗುಣಿ ತೋಡ್ತದೆ. ಇವಳು ಮೊಟ್ಟೆ ಇಟ್ಟು ಅಷ್ಟನ್ನೂ ಬಾಯಿಗೆ ತುಂಬ್ಕೊಂತಾಳೆ. ಅಲ್ಲಿಂದ ಹತ್ತು ಹನ್ನೆರಡು ದಿನ ಕೂಳಿಲ್ಲ. ಬಾಯಲ್ಲಿ ಮಕ್ಳು ಇರೋವಾಗ ಎಂಗೆ ತಿಂತಾಳೆ? ಮರಿ ಆದ್ಮೇಲೆ ಆಡಕ್ಕೆ ಆಚೆ ಬಿಡ್ತಾಳೆ. ಏನಾದ್ರೂ ನೆರಳು ಬಿತ್ತೋ, ಬಾಯಿ ತೆಗೀತಾಳೆ, ಎಲ್ಲ ಒಳಕ್ಕೆ. ನಮ್ಮ ಬಲೇಲಿ ಬಿದ್ದ ಜಿಲೇಬಿ ಸಾಯಕ್ಕೆ ಮುಂಚೆ ಮಕ್ಳನ್ನ ಆಚೆ ಉಗುಳ್ತವೆ ಕಣಕ್ಕ. ನಂಗೇ ಎಷ್ಟೋ ಸಲ ಅಂಗೈ ಮೇಲೆ ಉಗುಳವೆ. ಆಗ ಬಿಟ್ಬಿಡ್ತೀನಿ. ತಿನ್ನಕ್ಕೆ ಮನಸ್ಸು ಬರಲ್ಲ."

ಚಿಕ್ಕವೆಂಕಟಮ್ಮ ಮತ್ತೆ ನೀರಿನತ್ತ ತಿರುಗಿದಳು. "ಅಂದ್ರೆ ಎಂದೂ ನುಂಗಲ್ವಾ?"

ಆವಲಪ್ಪ ಕಾಲಿನ ಮೇಲೆ ನೀರು ಸುರಿದುಕೊಂಡ. "ದೇವರ ಮುಂದೆ ಸುಳ್ಳು ಯಾಕೆ? ನುಂಗೋದೂ ಉಂಟು. ತುಂಬಾ ಹೆದರಿಸಿದ್ರೆ, ಅಟ್ಟಿಸ್ಕೊಂಡು ಹೋದ್ರೆ, ಮೇಲಿಂದ ಮೇಲೆ ಕೈ ಹಾಕಿದ್ರೆ. ಅದಕ್ಕೇ ಬುದ್ಧಿ ಕೆಟ್ಟೋಗ್ತದೆ ಆಗ. ಹೆದರಿಸಬಾರ್ದು ಅಷ್ಟೆ. ಮಕ್ಳು ಅದರ ಹತ್ರನೇ ಇರಬೇಕು, ನಾವು ನೆರಳು ತಗೀಬೇಕು."

ಅವನು ಮೆಟ್ಟಿಲು ಹತ್ತಿ ಹೋದ. ಅವಳು ನೆರಳು ನೀರಿಗೆ ಬೀಳದಂತೆ ಗೋಡೆಯ ಪಕ್ಕಕ್ಕೆ ಸರಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಆ ಮೀನು ಬಾಯಿ ತೆರೆಯಿತು. ಒಂದು ಮರಿ ಬಂತು. ಅದು ಬಂದು ತಿರುಗಿ ನೋಡಿದಂತೆ ನಿಂತ ಮೇಲೆ ಇನ್ನೆರಡು. ಆಮೇಲೆ ಚಿಟಿಕೆ ಜೀರಿಗೆ ಉದುರಿದಂತೆ ಎಲ್ಲ. ಚಿಕ್ಕವೆಂಕಟಮ್ಮನ ಕಣ್ಣು ತುಂಬಿತು. ಮೂವತ್ತು ವರ್ಷ ಹುಳ ಸಾಕಿದ್ದೇನೆ, ಜ್ವರ ಎಂದರೆ ಒಂಟಿಯಾಗಿ ಬಿಡಬೇಕು ಎಂದು ಕಲಿತಿದ್ದೇನೆ. ಹುಳಕ್ಕೇನೋ ಅದು ಸರಿ, ಹುಳ ಹಡೆದಿಲ್ಲ. ಈ ಮೀನು ಉಪವಾಸ ಕೂತಿರುವುದು ಮಕ್ಕಳನ್ನು ಬಾಯಲ್ಲಿಟ್ಟುಕೊಂಡೇ. ನಾನು ನನ್ನ ಸೊಸೆಯ ಬಾಯಿಂದ ಮಗುವನ್ನು ತೆಗೆದುಕೊಂಡುಬಿಟ್ಟೆನಲ್ಲ ತಾಯಿ.

ಬಿಂದಿಗೆಯನ್ನು ಮರೆತು ಅವಳು ಎದ್ದಳು.

ಮನೆಯ ಜಗುಲಿಯಲ್ಲಿ ಅಶ್ವತ್ಥಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಯಾಮಿನಿ?"

"ಒಳಗವಳೆ."

ಒಳಗೆ ಇರಲಿಲ್ಲ. ಹಾಸಿಗೆ ಮಡಿಸಿತ್ತು. ಮಗುವಿನ ಕುಲಾವಿ, ಬಟ್ಟೆಗಳನ್ನು ಒಗೆದು ಒಣಗಿಸಿ, ಒಂದರ ಮೇಲೊಂದು ಜೋಡಿಸಿ ಹಾಸಿಗೆಯ ಮೇಲೆ ಇಡಲಾಗಿತ್ತು. ಅದರ ಮೇಲೆ ಯಾಮಿನಿಯ ಫೋನು. ಮನೆ ಬಿಟ್ಟು ಹೋಗುವವರು ಹೀಗೆ ಜೋಡಿಸುತ್ತಾರೆ. ಚಿಕ್ಕವೆಂಕಟಮ್ಮ ಜಗುಲಿಗೆ ಓಡಿ ಬಂದಳು.

"ನೀನೇನೇ ನೋಡ್ಕೊಂಡಿದ್ದು?" ಎಂದು ಕೂಗಿದಳು.

"ಕೂಸನ್ನ ನೋಡ್ಕೋ ಅಂದೆ, ಸೊಸೇನ ನೋಡ್ಕೋ ಅಂದ್ಯಾ?" ಎಂದ ಅಶ್ವತ್ಥಮ್ಮನ ಮುಖ ಮರುಕ್ಷಣವೇ ಬಿಳಿಚಿತು.

ಹಿತ್ತಲು, ಬಚ್ಚಲು ನೋಡಿದಳು. ನೀರಿನ ತೊಟ್ಟಿಯ ಹತ್ತಿರ ಹೋದಾಗ ಕಣ್ಣು ಮುಚ್ಚಿಕೊಂಡೇ ಬಗ್ಗಿದಳು, "ಸೋಮೇಶ್ವರಾ" ಎಂದು ಕಣ್ಣು ಬಿಟ್ಟಳು. ನೀರಲ್ಲಿ ಅವಳ ಮುಖವೇ. ತೋಟದ ಆಚೆ ಪಕ್ಕದವರ ಕೃಷಿ ಹೊಂಡ, ಕಪ್ಪು ಟಾರ್ಪಾಲು ಹಾಸಿದ್ದು, ಕಾಲಿಟ್ಟರೆ ಜಾರುವಂಥದ್ದು. ಅತ್ತ ಓಡಲು ತಿರುಗಿದಾಗ ಹುಳದ ಮನೆಯ ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ ಕಂಡಿತು. ಕಾಲು ತೊಳೆದ ಒದ್ದೆ ಗುರುತು ಒಳಗೆ ಹೋಗಿತ್ತು.

ಒಳಗೆ ಒಂದಿಷ್ಟೂ ಸದ್ದಿಲ್ಲ. ಬೇರೆ ದಿನಗಳಲ್ಲಿ ಸೊಪ್ಪು ಕಡಿಯುವ ಸದ್ದು ಮಳೆಯಂತೆ ಸುರಿಯುವ ಮನೆ. ಜ್ವರದ ದಿನ ಅದು ಗರ್ಭಗುಡಿಯಂತಿರುತ್ತದೆ. ಸ್ಟ್ಯಾಂಡಿನ ಅಂತಸ್ತುಗಳ ಮೇಲೆ ಸಾವಿರಾರು ಹುಳ, ಮೇಲೆ ತೆಳುವಾಗಿ ಉದುರಿಸಿದ ಸುಣ್ಣ, ಎಲ್ಲವೂ ತಲೆ ಎತ್ತಿ ನಿಶ್ಚಲ. ಅವುಗಳ ಎದುರಿಗೆ ನೆಲದ ಮೇಲೆ ಯಾಮಿನಿ ಕೂತಿದ್ದಳು.

ಅತ್ತೆಯನ್ನು ಕಂಡು ಎದ್ದು ನಿಂತು, ತಪ್ಪು ಮಾಡಿದವಳಂತೆ, "ಕಾಲು ತೊಳ್ಕೊಂಡೇ ಬಂದಿದ್ದು ಅತ್ತೆ" ಎಂದಳು.

"ಹಾಳಾಗೋಗ್ಲಿ ಕಾಲು! ಇಲ್ಲಿ ಏನ್ ಮಾಡ್ತಿದೀಯಮ್ಮ?"

"ಜ್ವರ ಬಂದವನ್ನ ನೋಡಕ್ಕೆ ಬಂದೆ. ಆಮೇಲೆ ನಮ್ಮಪ್ಪನ ಮನೆಗೆ ಹೊರಟೋಗೋಣ ಅಂತ. ನೀವಾಗೇ ಎತ್ತಿ ಹಾಕೋಕೆ ಮುಂಚೆ." ಅವಳು ಹುಳಗಳತ್ತ ತಿರುಗಿದಳು. "ಎಲ್ಲಾ ಸತ್ತೋಗವಾ ಅತ್ತೆ? ಸುಣ್ಣ ಬೇರೆ ಹಾಕಿದೀರ. ನಂಗೂ ಜ್ವರ ಅಂದ್ರಲ್ಲ ಅವತ್ತು. ಕೂಸಿಗೆ ಅಂಟ್ತದೆ ಅಂತ ತಗೊಂಡ್ರಲ್ಲ. ನಿಜನೇ ಅತ್ತೆ. ನಂಗೆ ಕೆಟ್ಟ ಕೆಟ್ಟ ಯೋಚನೆ ಬರ್ತವೆ. ಅದನ್ನ ನಾನೇ ಏನಾದ್ರೂ ಮಾಡಿಬಿಡ್ತೀನೇನೋ ಅಂತ. ಆ ಮೀನಿನ ಥರ."

ಚಿಕ್ಕವೆಂಕಟಮ್ಮನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವಳು ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ಅಯ್ಯೋ ನನ್ನಮ್ಮ. ಜ್ವರ ಅಂದ್ರೆ ಅದಲ್ವೇ. ಬಾ ಇಲ್ಲಿ. ಇದ್ನ ನೋಡು."

ಒಂದು ಹುಳವನ್ನು ತೋರಿಸಿದಳು. ಅದರ ಮೂತಿಯ ಹಿಂದೆ ಚರ್ಮ ಕೂದಲೆಳೆಯಷ್ಟು ಬಿರಿದಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಹುಳ ಒಂದು ಸಲ ಮೈ ಅಲೆಯಾಗಿಸಿತು, ಬೂದು ಚರ್ಮ ಹಿಂದಕ್ಕೆ ಸರಿಯಿತು, ಒಳಗಿನಿಂದ ತಲೆ ದೊಡ್ಡದಾಗಿ, ಎಳೆಯದಾಗಿ ಹೊರಗೆ ಬಂತು.

"ಇದೇ ಕಣಮ್ಮ ಜ್ವರ. ಹಳೇ ಮೈ ಸಾಲದೆ ಹೊಸ ಮೈ ಬರೋದು. ಎತ್ತಿ ಹಾಕ್ತಾರಾ ಇದನ್ನ? ನಾನು ಹುಳದ ಮಾತು ಆಡ್ದೆ, ನೀನು ಮನುಷ್ಯರ ಮಾತು ಕೇಳ್ದೆ. ತಪ್ಪು ನಂದು." ಅವಳು ಕೇಳಿದಳು, "ಆ ಯೋಚನೆ ಬಂದಾಗ ಏನ್ ಮಾಡ್ತೀಯ ನೀನು?"

"ಕೂಸನ್ನ ಬಿಗಿಯಾಗಿ ಹಿಡ್ಕೊಂತೀನಿ. ಈಳಿಗೆ ಮಣೆ ಇದ್ರೆ ದೂರ ಇಡ್ತೀನಿ."

"ಅದೇನೇ ಮತ್ತೆ! ಆ ಜಿಲೇಬಿನೂ ಅದನ್ನೇ ಮಾಡಿದ್ದು." ಆವಲಪ್ಪ ಹೇಳಿದ್ದನ್ನೆಲ್ಲ, ಮರಿಗಳು ಒಂದೊಂದಾಗಿ ಹೊರಬಂದದ್ದನ್ನೆಲ್ಲ ಅವಳು ಹೇಳಿದಳು. ಹೆದರಿದರೆ ನುಂಗುವುದೂ ಉಂಟು ಎಂಬ ಮಾತನ್ನು ಮುಚ್ಚಿಡಲಿಲ್ಲ. "ಅದಕ್ಕೇ ಒಬ್ಳೇ ಹೆದರ್ಕೊಂಡು ಕೂರಬಾರ್ದು. ನಂಗೆ ಗೊತ್ತಿರೋದು ಹುಳದ ಜ್ವರ. ನಿಂಗೆ ಬಂದಿರೋದು ಏನಂತ ನಂಗೆ ಗೊತ್ತಿಲ್ಲ. ಗೊತ್ತಿರೋರನ್ನ ಕೇಳಣ."

ಗೊತ್ತಿರುವವಳು ಎಂದರೆ ಸಬ್‌ಸೆಂಟರಿನ ನರ್ಸ್ ಪದ್ಮಶ್ರೀ. ಮಗುವಿನ ಸೂಜಿಗೆಂದು ಬರುವವಳು, ಅಂದೇ ಸಂಜೆ ಬಂದಳು. ಯಾಮಿನಿಯ ಕೈ ಹಿಡಿದು ಎಲ್ಲ ಕೇಳಿದಳು. ಒಂದು ಮಾತಿಗೂ ಬೆಚ್ಚಲಿಲ್ಲ.

"ಹೆತ್ತೋರಲ್ಲಿ ಎಷ್ಟೋ ಜನಕ್ಕೆ ಬರುತ್ತಮ್ಮ ಇದು. ಯಾರೂ ಹೇಳ್ಕೊಳ್ಳಲ್ಲ ಅಷ್ಟೆ. ಹೀಗೆ ಯೋಚನೆ ಬಂದು ನೀನು ನಡುಗ್ತಾ ಇದೀಯಲ್ಲ, ನಿಂಗೆ ಅದು ಬೇಡ ಅಂತಲೇ ನಡುಗ್ತಿರೋದು. ಆದ್ರೆ ಬಿಟ್ಟು ಕೂರೋದಲ್ಲ. ನಾಳೆ ಚಿಕ್ಕಬಳ್ಳಾಪುರಕ್ಕೆ ಹೋಗಣ, ಡಾಕ್ಟ್ರಿಗೆ ತೋರಿಸಣ. ವಾಸಿಯಾಗುತ್ತೆ. ಅಲ್ಲಿ ತನಕ ನಿಮ್ಮತ್ತೆ ನಿನ್ನ ಜೊತೇಲೇ ಮಲಗ್ಲಿ, ಕೂಸೂ ಅಲ್ಲೇ ಇರಲಿ."

"ನಾನೂ ಬತ್ತೀನಿ ಡಾಕ್ಟ್ರ ಹತ್ರ. ಮೀನು ನೋಡಿ ಬಾಯಿ ಹಾಕ್ದೋಳು ನಾನೇ ಅಲ್ವಾ. ನಂಗೂ ಒಂದು ಸೂಜಿ ಹಾಕಿಸ್ರಿ, ನಾಲಿಗೆಗೆ" ಎಂದಳು ಅಶ್ವತ್ಥಮ್ಮ ಬಾಗಿಲಲ್ಲಿ ನಿಂತು. ಎಷ್ಟೋ ದಿನದ ಮೇಲೆ ಯಾಮಿನಿಯ ತುಟಿ ಅಲ್ಲಾಡಿತು.

ನರೇಂದ್ರ ರಜೆ ಹಾಕಿ ಬಂದ. ಡಾಕ್ಟರು ಮಾತ್ರೆ ಬರೆದರು, ವಾರಕ್ಕೊಮ್ಮೆ ಬಂದು ಮಾತಾಡಬೇಕು ಎಂದರು. ಭಯ ಅಂದೇ ಹೋಗಿಬಿಡಲಿಲ್ಲ. ರಾತ್ರಿ ಎಚ್ಚರವಾದಾಗ ಈಗಲೂ ಆ ಒಂದು ಅಕ್ಷರ ಬಂದು ಎದೆಯ ಮೇಲೆ ಕೂರುತ್ತಿತ್ತು. ಆದರೆ ಪಕ್ಕದಲ್ಲಿ ಅತ್ತೆ ಇದ್ದಳು. "ಬಂತು ಅತ್ತೆ" ಎಂದರೆ, "ಬರ್ಲಿ ಬಿಡು, ಕೂತಿರಲಿ, ಎದ್ದೋಯ್ತದೆ" ಎನ್ನುತ್ತಿದ್ದಳು. ಹೇಳಿಕೊಂಡ ಭಯಕ್ಕೆ ಹೇಳಿಕೊಳ್ಳದ ಭಯದಷ್ಟು ತೂಕ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಯಾಮಿನಿಯೇ ಹೇಳಿದಳು, "ಪೂಜೆ ಅರ್ಧಕ್ಕೆ ನಿಂತೈತಲ್ಲ ಅತ್ತೆ."

ಅತ್ತೆ ಸೊಸೆ ಇಬ್ಬರೇ ಹೋದರು. ಮಗು ಅತ್ತೆಯ ಹೆಗಲ ಮೇಲಿತ್ತು. ಆವಲಪ್ಪ ಯಾವಾಗಲೋ ಇಳಿದು ಬಿಂದಿಗೆ ತೆಗೆದು ಮೆಟ್ಟಿಲ ಮೇಲೆ ಬೋರಲು ಹಾಕಿ ಹೋಗಿದ್ದ. ಬಿಸಿಲಿತ್ತು. ಯಾಮಿನಿ ನೀರಿನ ಅಂಚಿನ ಮೆಟ್ಟಿಲಿನ ತನಕ ಇಳಿದಳು.

ಮೀನು ಅಲ್ಲೇ ಇತ್ತು. ಮರಿಗಳು ಈಗ ಅಕ್ಕಿಕಾಳಿನಷ್ಟಾಗಿದ್ದವು. ಯಾಮಿನಿಯ ನೆರಳು ಬಿತ್ತು, ಬಾಯಿ ತೆರೆಯಿತು. ಈ ಸಲ ಎಲ್ಲವೂ ಹಿಡಿಸಲಿಲ್ಲ. ಹಿಂದುಳಿದ ಹತ್ತಿಪ್ಪತ್ತು ಮರಿಗಳು ತಾಯಿಯ ಗದ್ದದ ಕೆಳಗೆ ಗುಂಪುಕಟ್ಟಿ ನಿಂತವು. ಯಾಮಿನಿ ಓಡಲಿಲ್ಲ. ಗೋಡೆಯ ಕಡೆಗೆ ಎರಡು ಹೆಜ್ಜೆ ಸರಿದು, ನೆರಳನ್ನು ತನ್ನ ಜೊತೆ ಎಳೆದುಕೊಂಡು, ಕಾದಳು. ಗುಡಿಯಲ್ಲಿ ಗಂಟೆ ಹೊಡೆಯಿತು. ಯಾರೋ ಹೇಳುತ್ತಿದ್ದ ಮಂತ್ರ ಕೇಳಿಸಿ ನಿಂತಿತು. ಆಗ ಒಂದು ಮರಿ ಹೊರಗೆ ಬಂತು.

ಅವಳು ನಿಧಾನವಾಗಿ ಕೂತು, ಅರಿಶಿನ ಕುಂಕುಮ ಬಿಟ್ಟು, ಮೀನಿಲ್ಲದ ಕಡೆ ಬಿಂದಿಗೆ ಮುಳುಗಿಸಿ ತುಂಬಿಕೊಂಡಳು. ಎದ್ದು ಸೊಂಟದ ಮೇಲಿಟ್ಟು ತಿರುಗಿದಾಗ ಅತ್ತೆ ಎದುರಿಗೆ ನಿಂತಿದ್ದಳು.

ಚಿಕ್ಕವೆಂಕಟಮ್ಮ ಬಿಂದಿಗೆಯನ್ನು ಸೊಸೆಯ ಸೊಂಟದಿಂದ ತನ್ನ ಸೊಂಟಕ್ಕೆ ತೆಗೆದುಕೊಂಡಳು. ಹೆಗಲ ಮೇಲಿದ್ದ ಮಗುವನ್ನು ಅವಳ ಕೈಯಲ್ಲಿಟ್ಟು, ತಲೆಯ ಕೆಳಗಿದ್ದ ತನ್ನ ಅಂಗೈಯನ್ನು ಮೆಲ್ಲಗೆ ಎಳೆದುಕೊಂಡು, ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತತೊಡಗಿದಳು.